ಅಲೆಯ ಲೆಕ್ಕ
ದಹಿಸರದ ಕನ್ನಡಿಗರು 2005ರ ಜುಲೈ 26ನೆಯ ದಿನವನ್ನು ಮರೆಯಲಾರರು. ಸಾಂತಾಕ್ರೂಜಿನಲ್ಲಿ ಒಂದೇ ದಿನ 944 ಮಿಲ್ಲಿಮೀಟರು ಮಳೆ ಸುರಿಯಿತು. ಅಂಥ ನೀರು ಎಷ್ಟು ಹೊತ್ತಿಗೆ ಯಾರ ಹೊಸ್ತಿಲನ್ನು ಮುಟ್ಟುವುದೆಂದು ಮೊದಲೇ ಅರಿಯಬಹುದೆ?

ಪ್ರವಾಹದ ಸಮೀಕರಣಗಳನ್ನು ಫ್ರೆಂಚ್ ವಿದ್ವಾಂಸ ಸೇಂಟ್ ವೆನಾಂಟರು 1871ರಲ್ಲಿಯೇ ಬರೆದಿಟ್ಟರು. ಅವು ಸುಲಭವಾಗಿ ಬಿಡಿಸಬರುವಂಥವಲ್ಲ. ಆದುದರಿಂದ ಹೊಳೆಯನ್ನು ತುಂಡುಗಳಾಗಿಯೂ ಕಾಲವನ್ನು ಕ್ಷಣಗಳಾಗಿಯೂ ವಿಭಾಗಿಸಿ, ನಾವು ದಿನವಹಿ ಬರೆಯುವಂತೆ, ಹಿಂದಿನ ಬಾಕಿಯಿಂದ ಮುಂದಿನದನ್ನು ಕಟ್ಟುತ್ತ ಹೋಗುವರು. ಇದೇ ಸಂಖ್ಯಾತ್ಮಕ ವಿಧಾನ.

ರಾಜಸ್ಥಾನದ ಕೋಟಾದಲ್ಲಿ ಜನಿಸಿ, ನಮ್ಮಂತೆಯೇ ಪರಸ್ಥಳವನ್ನು ಕರ್ಮಭೂಮಿಯಾಗಿಸಿಕೊಂಡ ಪ್ರೊ. ಪಿ. ಎಲ್. ಭಟ್ನಾಗರರು 1956ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅನ್ವಯಿಕ ಗಣಿತ ವಿಭಾಗವನ್ನು ಸ್ಥಾಪಿಸಿದರು. ಅವರ ಶಿಷ್ಯ ಪ್ರೊ. ಫೂಲನ್ ಪ್ರಸಾದರು ಅಲೆಯ ಮುಂಚೂಣಿಯನ್ನೇ ಬೆನ್ನಟ್ಟಿದರು. ಅಲೆಯ ಬಲವುಳ್ಳ ಭಾಗವು ದುರ್ಬಲ ಭಾಗಕ್ಕಿಂತ ಬೇಗ ಸಾಗುತ್ತದೆ. ಆದುದರಿಂದ ಒಂದೆಡೆ ಕೂಡಿಬರುವ ಮುಂಚೂಣಿಯು ತನ್ನನ್ನು ತಾನೇ ಬಿಡಿಸಿಕೊಂಡು, ಅಲ್ಲಲ್ಲಿ ಮೊಣಕಾಲಿನಂತೆ ಬಾಗಿ ಮುನ್ನಡೆಯುತ್ತದೆ. ಇಡೀ ಪ್ರವಾಹವನ್ನು ಎಣಿಸದೆ ಆ ಒಂದು ರೇಖೆಯನ್ನಷ್ಟೇ ಎಣಿಸುವ ಮಾರ್ಗವನ್ನು ಅವರು ತೋರಿದರು. ಅವರ ಅಧ್ಯಯನವು ಮುಖ್ಯವಾಗಿ ವಾಯುವಿನ ಆಘಾತ ತರಂಗಗಳದು. ಆದರೆ ಆಳವಿಲ್ಲದ ನೀರಿನ ಅಲೆಯೂ ಅದೇ ಜಾತಿಯ ಸಮೀಕರಣಕ್ಕೆ ಅಧೀನ.

ವಾಚಕರು ಒಂದನ್ನು ಗಮನಿಸಬೇಕು. ಹೊಳೆಯ ಅಗಲವನ್ನೂ ಆಳವನ್ನೂ ನಾವು ತಿಳಿಸಿದಂತೆಯೇ ಗಣಿತವು ನಂಬುತ್ತದೆ. ದಹಿಸರ ಹೊಳೆಗೆ ಕಸ ಸುರಿದು ನಾವೇ ಆಳವನ್ನು ಸುಳ್ಳಾಗಿಸಿದರೆ, ಎಂಥ ಪಂಡಿತರ ಲೆಕ್ಕವೂ ನಮ್ಮ ಹೊಸ್ತಿಲನ್ನು ಕಾಯಲಾರದು.