ನಿಮಗಿದು ಗೊತ್ತೇ? ಕೈಯಲ್ಲಿರುವ ಫೋನಿನ ಬಗ್ಗೆ ಒಂದಿಷ್ಟು

*#06# ಒತ್ತಿದರೆ ನಿಮ್ಮ ಫೋನಿನ 15 ಅಂಕಿಯ ಐಎಂಇಐ ಸಂಖ್ಯೆ ಪರದೆಯ ಮೇಲೆ ಬರುತ್ತದೆ. ಎರಡು ಸಿಮ್ಮಿನ ಫೋನಾದರೆ ಎರಡು ಸಂಖ್ಯೆ. ಮೂಗೂರು ತ್ರಿಪುರಸುಂದರಿ ಅಮ್ಮನವರ ಜಾತ್ರೆಯ ನೂಕುನುಗ್ಗಲಿನಲ್ಲಿ ಅಂಗಿ ಜೇಬಿನಿಂದ ಫೋನ್ ಜಾರಿತೆನ್ನಿ, ಅದನ್ನು ಗುರುತಿಸಲು ಉಳಿಯುವುದು ಈ ಸಂಖ್ಯೆ. ಬ್ಯಾಂಕ್ ಪಾಸ್‌ಬುಕ್ಕಿನ ಹಿಂದೆಯೋ ಬೀರುವಿನ ಬಾಗಿಲ ಒಳಗೋ ಇವತ್ತೇ ಬರೆದಿಡಿ. ಫೋನಿನಲ್ಲೇ ಸೇವ್ ಮಾಡಿಟ್ಟರೆ ಅದೂ ಫೋನಿನ ಜೊತೆಗೇ ಹೋಗುತ್ತದೆ.

ಕಳೆದ ಫೋನು ದೇಶದ ಯಾವ ನೆಟ್‌ವರ್ಕಿನಲ್ಲೂ ಕೆಲಸ ಮಾಡದಂತೆ ನೀವೇ ತಡೆಯಬಹುದು. ಕೇಂದ್ರ ದೂರಸಂಪರ್ಕ ಇಲಾಖೆ 2023ರ ಮೇ ತಿಂಗಳಲ್ಲಿ ಆರಂಭಿಸಿದ ‘ಸಂಚಾರ್ ಸಾಥಿ’ ಜಾಲತಾಣದಲ್ಲಿ ಇದಕ್ಕೆ ಅವಕಾಶವಿದೆ. ಪೊಲೀಸರಿಗೆ ಕೊಟ್ಟ ದೂರಿನ ಪ್ರತಿ ಬೇಕು. ಅದೇ ನಂಬರಿನ ಹೊಸ ಸಿಮ್ ಪಡೆದಿರಬೇಕು, ಒಟಿಪಿ ಬರುವುದು ಅದಕ್ಕೆ. ಹೊಸ ಸಿಮ್ಮಿಗೆ ಮೊದಲ 24 ಗಂಟೆ ಎಸ್ಸೆಮ್ಮೆಸ್ ಬಾರದಿದ್ದರೆ ಗಾಬರಿ ಬೇಡ, ಅದು ನಿಯಮ. ಫೋನ್ ಸಿಕ್ಕರೆ ತಡೆಯನ್ನು ಅಲ್ಲೇ ತೆಗೆಸಬಹುದು.

ನಿಮ್ಮ ಹೆಸರಿನಲ್ಲಿ ಎಷ್ಟು ಸಿಮ್ಮುಗಳಿವೆ ಎಂಬುದೂ ಅದೇ ತಾಣದಲ್ಲಿ ಸಿಗುತ್ತದೆ. ನಿಮ್ಮದಲ್ಲದ ನಂಬರ್ ಕಂಡರೆ ಅಲ್ಲೇ ತಿಳಿಸಿ.

ಲೊಕೇಶನ್ ಆನ್ ಮಾಡದಿದ್ದರೆ ಬೆಳೆ ಸಮೀಕ್ಷೆ ಆ್ಯಪ್ ಮುಂದಕ್ಕೆ ಹೋಗುವುದಿಲ್ಲ. 2020ರಿಂದ ರೈತರೇ ತಮ್ಮ ಹೊಲಗದ್ದೆಯಲ್ಲಿ ನಿಂತು ಬೆಳೆಯ ಫೋಟೊ ತೆಗೆದು ಅದರಲ್ಲಿ ಏರಿಸಬಹುದು. ನೀವು ನಿಂತ ಜಾಗದ ಸರ್ವೆ ನಂಬರ್ ತೋರಿಸುವ ‘ದಿಶಾಂಕ್’ ಆ್ಯಪಿಗೂ ಲೊಕೇಶನ್ ಬೇಕೇ ಬೇಕು. ಇವಕ್ಕೆ ಕೊಡುವುದು ನ್ಯಾಯ. ಆದರೆ ಬರೀ ಬೆಳಕು ಬಿಡುವ ಟಾರ್ಚ್ ಆ್ಯಪ್ ನೀವೆಲ್ಲಿದ್ದೀರಿ ಎಂದು ಕೇಳಿದರೆ, ನಿಮ್ಮ ಫೋನ್‌ಬುಕ್ ಕೇಳಿದರೆ, ಖಂಡಿತ ಕೊಡಬೇಡಿ. 2015ರ ಆಂಡ್ರಾಯ್ಡ್ 6ಕ್ಕೆ ಮೊದಲು ಕೇಳಿದ್ದೆಲ್ಲ ಕೊಟ್ಟರಷ್ಟೇ ಆ್ಯಪ್ ಫೋನಿಗೆ ಬರುತ್ತಿತ್ತು. ಈಗ ಒಂದೊಂದನ್ನೂ ಬೇರೆಬೇರೆಯಾಗಿ ನಿರಾಕರಿಸಬಹುದು. ‘ಆ್ಯಪ್ ಬಳಸುವಾಗ ಮಾತ್ರ’ ಎಂಬ ಆಯ್ಕೆಯೂ ಇದೆ. ಸೆಟ್ಟಿಂಗ್ಸ್‌ನಲ್ಲಿ ‘ಪರ್ಮಿಷನ್ಸ್’ ತೆರೆದು ಒಂದು ಸಲ ನೋಡಿ. ಇಷ್ಟು ಜನಕ್ಕೆ ಮನೆಯ ಬಾಗಿಲು ತೆರೆದಿಟ್ಟಿದ್ದೆನೇ ಎಂದು ಅಚ್ಚರಿಯಾದೀತು.

ದಿನದ ಡೇಟಾ ಮಧ್ಯಾಹ್ನಕ್ಕೇ ಖಾಲಿಯೇ? ವಾಟ್ಸ್‌ಆ್ಯಪ್ ಸೆಟ್ಟಿಂಗ್ಸ್‌ನ ‘ಸ್ಟೋರೇಜ್ ಅಂಡ್ ಡೇಟಾ’ದಲ್ಲಿ, ಮೊಬೈಲ್ ಡೇಟಾ ಬಳಸುವಾಗ ಫೋಟೊ, ವಿಡಿಯೊ ತಾವಾಗಿಯೇ ಇಳಿಯದಂತೆ ಟಿಕ್ ತೆಗೆಯಿರಿ. ಗ್ರೂಪುಗಳ ಶುಭೋದಯದ ವಿಡಿಯೊಗಳೇ ಎಷ್ಟೋ ಡೇಟಾ ತಿನ್ನುತ್ತವೆ.

ಮದುವೆಯ ಕರೆಯೋಲೆ ‘ಎಪಿಕೆ’ ಫೈಲ್ ಆಗಿ ಬರುವುದಿಲ್ಲ. ಫೋಟೊ ಆಗಿಯೋ ಪಿಡಿಎಫ್ ಆಗಿಯೋ ಬರುತ್ತದೆ. ಹೆಸರಿನ ಕೊನೆಯಲ್ಲಿ ಎಪಿಕೆ ಇದ್ದರೆ ಅದು ಆ್ಯಪ್. ಅದನ್ನು ಇನ್‌ಸ್ಟಾಲ್ ಮಾಡಿ ಎಸ್ಸೆಮ್ಮೆಸ್ ಓದಲು ಬಿಟ್ಟರೆ ನಿಮ್ಮ ಬ್ಯಾಂಕಿನ ಒಟಿಪಿ ವಂಚಕನ ಕೈ ಸೇರುತ್ತದೆ. ಕಳಿಸಿದವರು ಸ್ವಂತ ನೆಂಟರೇ ಆದರೂ ಮುಟ್ಟಬೇಡಿ. ಅವರ ಫೋನೇ ವಂಚಕರ ವಶವಾಗಿರಬಹುದು.

ಯುಪಿಐಯಲ್ಲಿ ಹಣ ಪಡೆಯಲು ಪಿನ್ ಒತ್ತುವ ಅಗತ್ಯವೇ ಇಲ್ಲ. ಪಿನ್ ಕೇಳಿತೆಂದರೆ ಹಣ ಹೋಗುವುದು ನಿಮ್ಮ ಖಾತೆಯಿಂದ.

ಹಣ ಹೋಯಿತೇ? ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ತಡ ಮಾಡಿದಷ್ಟೂ ಅದು ಖಾತೆಯಿಂದ ಖಾತೆಗೆ ಹಾರುತ್ತ ಹೋಗುತ್ತದೆ.

ಬೆರಳಚ್ಚು ಕೊಟ್ಟು ಹಣ ತೆಗೆಯುವವರು ಗಮನಿಸಿ: ಆಧಾರ್‌ನ ಅಧಿಕೃತ ಆ್ಯಪಿನಲ್ಲಿ ನಿಮ್ಮ ಬಯೋಮೆಟ್ರಿಕ್‌ಗೆ ಬೀಗ ಹಾಕಿ, ಬೇಕಾದಾಗ ತೆರೆಯಬಹುದು.

ಲಾಕ್ ಆಗಿರುವ ಫೋನಿನಿಂದಲೂ ತುರ್ತು ಸಂಖ್ಯೆ 112ಕ್ಕೆ ಕರೆ ಹೋಗುತ್ತದೆ. ತುರ್ತು ಗುಂಡಿ ಇರಲೇಬೇಕೆಂಬ ನಿಯಮ 2017ರಿಂದ ಇದೆ. ಅನೇಕ ಫೋನುಗಳಲ್ಲಿ ಪವರ್ ಗುಂಡಿಯನ್ನು ಬೇಗಬೇಗ ಮೂರು ಸಲ ಒತ್ತಬೇಕು, ಕೆಲವುಗಳಲ್ಲಿ ಐದು ಸಲ. ನಿಮ್ಮದರಲ್ಲಿ ಹೇಗೆಂದು ಸೆಟ್ಟಿಂಗ್ಸ್‌ನಲ್ಲಿ ನೋಡಿಕೊಂಡು, ಮನೆಯ ಮಕ್ಕಳಿಗೂ ಅಜ್ಜಿಗೂ ತೋರಿಸಿಕೊಡಿ.