ಗ್ರಹಣದ ಅಂಚಿನಿಂದ ಅನ್ಯಗ್ರಹದ ಗಾಳಿಯವರೆಗೆ

ಸೌರಮಂಡಲದ ಹೊರಗಿನ ಗ್ರಹವೊಂದರ ಗಾಳಿಯಲ್ಲಿ ಏನಿದೆ ಎಂದು ತಿಳಿಯಲು ಆ ಗ್ರಹ ಕಣ್ಣಿಗೆ ಬೀಳಲೇಬೇಕೆಂದೇನೂ ಇಲ್ಲ. ಅದು ತನ್ನ ನಕ್ಷತ್ರದ ಮುಂದೆ ಹಾದುಹೋಗುವ ಹೊತ್ತಿಗೆ ಕಾದಿದ್ದರೆ ಸಾಕು. ಆಗ ನಕ್ಷತ್ರದ ಬೆಳಕಿನ ಒಂದು ಪಾಲು ಗ್ರಹದ ಅಂಚಿನ ಗಾಳಿಯನ್ನು ತೂರಿಕೊಂಡು ಬರುತ್ತದೆ. ಪ್ರತಿ ಅನಿಲವೂ ತನಗೆ ಹೊಂದುವ ಬಣ್ಣಗಳನ್ನಷ್ಟೇ ಹೀರಿಕೊಳ್ಳುವುದರಿಂದ, ಆ ಬೆಳಕನ್ನು ಬಣ್ಣಬಣ್ಣವಾಗಿ ಬಿಡಿಸಿದಾಗ ಮೂಡುವ ರೋಹಿತದಲ್ಲಿ ಅನಿಲಗಳ ಗುರುತು ಸಿಗುತ್ತದೆ. ಹೇಳುವುದು ಸುಲಭ. ಗ್ರಹವನ್ನು ಜೋಳದ ಕಾಳೆಂದುಕೊಂಡರೆ, ಓದಬೇಕಾದದ್ದು ಅದರ ಮೇಲಿನ ಸಿಪ್ಪೆಯನ್ನು ಮಾತ್ರ.

ಈ ವಿದ್ಯೆಯ ಬೇರು ಸೂರ್ಯಗ್ರಹಣಗಳ ಬೆನ್ನು ಹತ್ತಿದವರ ಕೆಲಸದಲ್ಲಿದೆ. ಅವರು ಕಾದು ಕುಳಿತ ಎರಡು ಗ್ರಹಣಗಳ ನೆರಳು ಕೃಷ್ಣಾ–ತುಂಗಭದ್ರೆಗಳ ನಡುವಿನ ರಾಯಚೂರು ಸೀಮೆಯ ಮೇಲೆ ಹಾದಿತ್ತು.

ಮೊದಲನೆಯದು 1868ರ ಆಗಸ್ಟ್ 18ರದು. ನೆರಳು ಪಶ್ಚಿಮ ಕರಾವಳಿಯಿಂದ ಜಮಖಂಡಿ, ರಾಯಚೂರು ಭಾಗಗಳನ್ನು ದಾಟಿ ಗುಂಟೂರು, ಮಚಲೀಪಟ್ಟಣಗಳತ್ತ ಓಡಿತು. ಜಮಖಂಡಿಯಲ್ಲಿ ರೋಹಿತದರ್ಶಕ ಹೂಡಿಕೊಂಡು ಕೂತಿದ್ದವರು ಲೆಫ್ಟಿನೆಂಟ್ ಜಾನ್ ಹರ್ಷೆಲ್, ಯುರೇನಸ್ ಗ್ರಹವನ್ನು ಕಂಡುಹಿಡಿದ ವಿಲಿಯಂ ಹರ್ಷೆಲರ ಮೊಮ್ಮಗ. ಮಳೆಗಾಲದ ಮೋಡ ಕಾಟ ಕೊಟ್ಟರೂ, ಸೂರ್ಯನ ಅಂಚಿನಿಂದ ಎದ್ದ ಜ್ವಾಲೆಯ ರೋಹಿತದಲ್ಲಿ ಕೆಂಪು, ಕಿತ್ತಳೆ, ನೀಲಿಯ ಹೊಳೆವ ಗೆರೆಗಳು ಅವರಿಗೆ ಕಂಡವು. ಅಂದರೆ ಆ ಜ್ವಾಲೆಗಳು ಉರಿಬಿಸಿಯಾದ ಅನಿಲ. ಗುಂಟೂರಿನಲ್ಲಿದ್ದ ಫ್ರೆಂಚ್ ವಿಜ್ಞಾನಿ ಜಾನ್ಸೆನ್ ಮರುದಿನ ಗ್ರಹಣವಿಲ್ಲದೆಯೇ ಅವನ್ನು ನೋಡಬಹುದೆಂದು ತೋರಿಸಿದರು. ಆ ಗೆರೆಗಳಲ್ಲಿ ಕಿತ್ತಳೆ-ಹಳದಿಯದೊಂದು ಭೂಮಿಯ ಯಾವ ಧಾತುವಿಗೂ ಹೊಂದಲಿಲ್ಲ. ಅದಕ್ಕೆ ಹೀಲಿಯಂ ಎಂದು ಹೆಸರಾಯಿತು. ಅದೇ ಅನಿಲ ಭೂಮಿಯಲ್ಲಿ ರಾಮ್ಸೆ ಅವರ ಕೈಗೆ ಸಿಕ್ಕಿದ್ದು 1895ರಲ್ಲಿ. ಮುಟ್ಟದೆಯೇ, ಬರೀ ಬೆಳಕಿನಿಂದ ಧಾತುವೊಂದನ್ನು ಗುರುತಿಸಬಹುದು ಎಂಬ ಧೈರ್ಯ ಬಂದದ್ದು ಇಂಥ ಕೆಲಸಗಳಿಂದ.

ಎರಡನೆಯದು 1980ರ ಫೆಬ್ರುವರಿ 16ರ ಖಗ್ರಾಸ ಗ್ರಹಣ. ಅಂಕೋಲಾದ ಕಡೆಯಿಂದ ಏರಿಬಂದ ನೆರಳು ಮಧ್ಯಾಹ್ನ ಮೂರೂವರೆಯ ಮೇಲೆ ರಾಯಚೂರು ಜಿಲ್ಲೆಯನ್ನು ಮುಸುಕಿತು. ಮಾನ್ವಿ, ದೇವದುರ್ಗ, ತುಂಗಭದ್ರೆಯ ದಡದಲ್ಲಿರುವ, ಹರಿದಾಸ ವಿಜಯದಾಸರ ಊರಾದ ಚೀಕಲಪರ್ವಿ, ಎಲ್ಲವೂ ಅದರೊಳಗೆ ಬಂದವು. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ತಂಡ ಸಿಂಧನೂರು ತಾಲ್ಲೂಕಿನ ಜವಳಗೇರಾದಲ್ಲಿ ಬಿಡಾರ ಹೂಡಿತ್ತು. ಸಂಸ್ಥೆಯ ಮುಖ್ಯಸ್ಥರು ಆಗ ವೇಣು ಬಾಪು. ಅವರು ಅಳೆಯಹೊರಟದ್ದು ಸೂರ್ಯನ ಹೊರ ಆವರಣವಾದ ಕರೋನಾದಲ್ಲಿರುವ ಕಬ್ಬಿಣದ ಅಯಾನುಗಳು ಸೂಸುವ ಕೆಂಪು ಗೆರೆಯ ಅಗಲವನ್ನು; ಅದರಿಂದ ಅಲ್ಲಿನ ಉಷ್ಣತೆ, ಅನಿಲದ ಚಲನೆ ಎರಡರ ಅಂದಾಜೂ ಸಿಗುತ್ತದೆ. ಹೊರಗ್ರಹಗಳ ಗಾಳಿಯ ಬೇಗೆ, ಬಿರುಸುಗಳನ್ನು ಅಂದಾಜಿಸಲು ಗೆರೆಗಳ ಆಕಾರವನ್ನು ನೋಡುವುದರ ಹಿಂದಿರುವುದೂ ಇದೇ ತರ್ಕ.

ಇದೇ ಸಂಸ್ಥೆಯವರು ನೇರವಾಗಿ ವಾತಾವರಣಕ್ಕೇ ಕೈಹಾಕಿದ್ದು ಅದಕ್ಕೂ ಮೊದಲು, ತಮಿಳುನಾಡಿನ ಕಾವಲೂರು ವೀಕ್ಷಣಾಲಯದಲ್ಲಿ. 1972ರ ಜೂನ್ 7ರಂದು ಗುರುವಿನ ಉಪಗ್ರಹ ಗ್ಯಾನಿಮೀಡ್ ನಕ್ಷತ್ರವೊಂದನ್ನು ಮರೆಮಾಡಿತು. ಗಾಳಿಯಿಲ್ಲದ ಗೋಳವಾದರೆ ನಕ್ಷತ್ರ ತಟ್ಟನೆ ಆರಬೇಕು. ಗಾಳಿಯಿದ್ದರೆ ಮೆಲ್ಲಗೆ ಮಂಕಾಗುತ್ತದೆ. ಜೆ. ಸಿ. ಭಟ್ಟಾಚಾರ್ಯ ಮತ್ತು ವಿದೇಶಿ ಸಂಗಡಿಗರು ಕಾವಲೂರು ಹಾಗೂ ಜಾವಾ ದ್ವೀಪದ ಅಳತೆಗಳನ್ನಿಟ್ಟು ಅಲ್ಲಿ ತೆಳು ವಾತಾವರಣವಿದೆ ಎಂದರು. 1979ರಲ್ಲಿ ವಾಯೇಜರ್ 1 ನೌಕೆಗೆ ಅಷ್ಟು ಗಾಳಿ ಕಾಣಲಿಲ್ಲ. ಮುಂದೆ ಹಬಲ್ ದೂರದರ್ಶಕ ಅದಕ್ಕಿಂತ ಎಷ್ಟೋ ವಿರಳವಾದ ಆಮ್ಲಜನಕವನ್ನು ಪತ್ತೆ ಮಾಡಿತು. 1977ರ ಮಾರ್ಚ್ 10ರಂದು ಯುರೇನಸ್ ಹೀಗೆಯೇ ನಕ್ಷತ್ರವೊಂದಕ್ಕೆ ಅಡ್ಡ ಬಂದಾಗ, ಅದರ ವಾತಾವರಣ ಅಳೆಯಹೊರಟ ಅಮೆರಿಕದ ವಿಮಾನ ದೂರದರ್ಶಕದ ತಂಡಕ್ಕೆ ಉಂಗುರಗಳೇ ಸಿಕ್ಕವು. ಉಂಗುರ ಅಡ್ಡ ಬಂದು ನಕ್ಷತ್ರದ ಬೆಳಕು ಇಳಿದದ್ದು ಕಾವಲೂರಿನಲ್ಲೂ ದಾಖಲಾಗಿತ್ತು.

ಇದೇ ಉಪಾಯವನ್ನು ಸೌರಮಂಡಲದ ಹೊರಗೆ ಬಳಸಲು ಮೊದಲು ಅಲ್ಲಿ ಗ್ರಹಗಳು ಸಿಗಬೇಕಿತ್ತು. ಸೂರ್ಯನಂಥ ನಕ್ಷತ್ರವನ್ನು ಸುತ್ತುವ ಮೊದಲ ಹೊರಗ್ರಹ ಸಿಕ್ಕಿದ್ದು 1995ರಲ್ಲಿ. 1999ರಲ್ಲಿ ಎಚ್‌ಡಿ 209458ಬಿ ಎಂಬ ಗ್ರಹ ತನ್ನ ನಕ್ಷತ್ರದ ಮುಂದೆ ಹಾದುಹೋಗುವುದು ಗೊತ್ತಾಯಿತು. ಮೂರೂವರೆ ದಿನಕ್ಕೊಮ್ಮೆ ನಕ್ಷತ್ರದ ಬೆಳಕು ಶೇ 1.5ರಷ್ಟು ತಗ್ಗುತ್ತಿತ್ತು. ಹಬಲ್‌ನಿಂದ ನೋಡಿದ ಡೇವಿಡ್ ಶಾರ್ಬನೋ ಅವರ ತಂಡಕ್ಕೆ ಸೋಡಿಯಂನ ಬಣ್ಣದಲ್ಲಿ ಮಾತ್ರ ಇನ್ನೂ ಶೇ 0.02ರಷ್ಟು ಹೆಚ್ಚು ಮಂಕು ಕಂಡಿತು. 2002ರಲ್ಲಿ ಪ್ರಕಟವಾದ ಈ ಅಳತೆಯೇ ಹೊರಗ್ರಹವೊಂದರ ವಾತಾವರಣದ ಮೊದಲ ಸುಳಿವು. 2018ರಲ್ಲಿ ವಾಸ್ಪ್-107ಬಿ ಗ್ರಹದ ಗಾಳಿಯಲ್ಲಿ ಹೀಲಿಯಂ ಕಂಡಿತು. 1868ರ ಗ್ರಹಣಕ್ಕೆ ಆಗ ನೂರೈವತ್ತು ವರ್ಷ. 2022ರಲ್ಲಿ ಜೇಮ್ಸ್ ವೆಬ್ ದೂರದರ್ಶಕ ವಾಸ್ಪ್-39ಬಿ ಗ್ರಹದಲ್ಲಿ ಇಂಗಾಲದ ಡೈಆಕ್ಸೈಡನ್ನು ಅನುಮಾನಕ್ಕೆ ಎಡೆಯಿಲ್ಲದಂತೆ ತೋರಿಸಿತು.

ಎಲ್ಲ ಫಲಿತಾಂಶಗಳೂ ಅಷ್ಟು ಗಟ್ಟಿಯಲ್ಲ. 124 ಜ್ಯೋತಿರ್ವರ್ಷ ದೂರದ ಕೆ2-18ಬಿ ಗ್ರಹದಲ್ಲಿ ಮೀಥೇನ್, ಇಂಗಾಲದ ಡೈಆಕ್ಸೈಡ್ ಇವೆಯೆಂದು ಕೇಂಬ್ರಿಜ್‌ನ ನಿಕ್ಕು ಮಧುಸೂದನ್ ಅವರ ತಂಡ 2023ರಲ್ಲಿ ಹೇಳಿತು. ಭೂಮಿಯಲ್ಲಿ ಹೆಚ್ಚಾಗಿ ಸಮುದ್ರದ ಸೂಕ್ಷ್ಮ ಸಸ್ಯಗಳಿಂದ ಬರುವ ಡೈಮೀಥೈಲ್ ಸಲ್ಫೈಡ್‌ನ ಗುರುತೂ ಇದೆಯೆಂದು 2025ರಲ್ಲಿ ಸೇರಿಸಿದಾಗ ಜೀವದ ಸುದ್ದಿ ಪತ್ರಿಕೆಗಳ ಮುಖಪುಟಕ್ಕೆ ಬಂತು. ಅದೇ ದತ್ತಾಂಶವನ್ನು ಬೇರೆಯವರು ಮತ್ತೆ ಲೆಕ್ಕ ಹಾಕಿದಾಗ ಆ ಗುರುತು ನಿಲ್ಲಲಿಲ್ಲ. ಗ್ಯಾನಿಮೀಡ್ ಕಥೆ ಬಲ್ಲವರಿಗೆ ಇದರಲ್ಲಿ ಅಚ್ಚರಿಯೇನಿಲ್ಲ.

ಕರ್ನಾಟಕದ ಪಾಲು ಇಲ್ಲಿ ಸದ್ದಿಲ್ಲದ್ದು, ಆದರೆ ಬೇಕಾದದ್ದು. ಗ್ರಹದ ಗಾತ್ರವೇ ಸರಿಯಾಗಿ ಗೊತ್ತಿಲ್ಲದಿದ್ದರೆ ಅದರ ಗಾಳಿಯ ಲೆಕ್ಕ ಹತ್ತುವುದಿಲ್ಲ. ಖಭೌತ ಸಂಸ್ಥೆಯ ಅರಿತ್ರ ಚಕ್ರವರ್ತಿ, ಸುಜನ್ ಸೇನ್‌ಗುಪ್ತ 2019ರಲ್ಲಿ ವಾಸ್ಪ್-12ಬಿ ಸೇರಿದಂತೆ ಐದು ಗ್ರಹಗಳ ಅಳತೆಯನ್ನು ತಿದ್ದಿ ಹದಗೊಳಿಸಿದರು. ಬಳಸಿದ್ದು ಲಡಾಖ್‌ನ ಹಾನ್ಲೆಯಲ್ಲಿದ್ದು, ಬೆಂಗಳೂರು ಪಕ್ಕದ ಹೊಸಕೋಟೆಯಿಂದ ಉಪಗ್ರಹ ಸಂಪರ್ಕದ ಮೂಲಕ ನಡೆಸುವ 2 ಮೀಟರ್ ದೂರದರ್ಶಕ ಮತ್ತು ಕಾವಲೂರಿನ 1.3 ಮೀಟರ್ ದೂರದರ್ಶಕ. ಎರಡನೆಯದಕ್ಕೆ ಜೆ. ಸಿ. ಭಟ್ಟಾಚಾರ್ಯರದೇ ಹೆಸರು.

ಬೆಂಗಳೂರಿನ ಯು. ಆರ್. ರಾವ್ ಉಪಗ್ರಹ ಕೇಂದ್ರ ಇನ್ನೊಂದು ದಾರಿ ಹಿಡಿಯಿತು. ಜೀವ ಇರುವುದು ಖಚಿತವಾದ ಗ್ರಹ ಒಂದೇ, ಭೂಮಿ. ಅದು ದೂರದಿಂದ ಹೇಗೆ ಕಾಣುತ್ತದೆಂದು ಮೊದಲು ತಿಳಿಯಬೇಕು. ಅದಕ್ಕೆಂದೇ ಕೇಂದ್ರ ತಯಾರಿಸಿದ ಶೇಪ್ ಉಪಕರಣ 2023ರ ಜುಲೈ 14ರಂದು ಚಂದ್ರಯಾನ-3ರ ನೋದನ ಘಟಕದಲ್ಲಿ ಹೊರಟಿತು. 1ರಿಂದ 1.7 ಮೈಕ್ರೋಮೀಟರ್‌ವರೆಗಿನ ಅವಕೆಂಪು ಬೆಳಕಿನಲ್ಲಿ ಅದು ಭೂಮಿಯ ರೋಹಿತವನ್ನೂ ಧ್ರುವೀಕರಣವನ್ನೂ ಅಳೆಯುತ್ತದೆ. ಈ ವ್ಯಾಪ್ತಿಯಲ್ಲಿ ನೀರಾವಿ, ಆಮ್ಲಜನಕಗಳ ಗೆರೆಗಳೂ ಇವೆ. ಅಕ್ಟೋಬರ್ 28ರ ಚಂದ್ರಗ್ರಹಣದಂದು ಅದನ್ನು ವಿಶೇಷವಾಗಿ ಚಾಲೂ ಮಾಡಲಾಯಿತು. ಇಂಧನ ಉಳಿದಿದ್ದ ಘಟಕವನ್ನು ಚಂದ್ರನ ಕಕ್ಷೆಯಿಂದ ಭೂಮಿಯ ಸುತ್ತಿನ ಎತ್ತರದ ಕಕ್ಷೆಗೆ ತರಲಾಗಿದೆ ಎಂದು ಇಸ್ರೋ ಆ ವರ್ಷದ ಡಿಸೆಂಬರ್‌ನಲ್ಲಿ ತಿಳಿಸಿತು; ಭೂಮಿ ತನ್ನ ನೋಟಕ್ಕೆ ಸಿಕ್ಕಾಗಲೆಲ್ಲ ಉಪಕರಣ ಅಲ್ಲಿಂದ ಅಳತೆ ಮಾಡುವಂತಾಯಿತು.