ಮತ್ತೆ ಮತ್ತೆ ಉರಿಯುವ ಎಂಜಿನ್ ಎಚ್ಚರಿಕೆ ದೀಪ: ಕಾರಣಗಳು ಮತ್ತು ಪರಿಹಾರ

ಕೊಡಗಿನ ಕಾಫಿ ಬೆಳೆಗಾರರಿಗೆ ವಾಹನವು ಕತ್ತಿ, ಗುದ್ದಲಿಗಳಷ್ಟೇ ಅವಶ್ಯಕವಾದ ಸಾಧನ. ಗೊಬ್ಬರ ಸಾಗಿಸಲು, ಕೊಯ್ದ ಹಣ್ಣನ್ನು ಕಣಕ್ಕೆ ತರಲು, ಮಳೆಗಾಲದ ರಾತ್ರಿ ರೋಗಿಯನ್ನು ಆಸ್ಪತ್ರೆಗೆ ಒಯ್ಯಲು ಮನೆಯ ಕಾರು ಅಥವಾ ಪಿಕಪ್ ವಾಹನವನ್ನೇ ನಂಬಬೇಕು. ಒಳನಾಡಿನ ತೋಟಗಳಿಂದ ಕಾರ್ಯಾಗಾರ ಹತ್ತಾರು ಕಿಲೋಮೀಟರು ದೂರವಿರುವುದರಿಂದ ವಾಹನ ದಾರಿಯಲ್ಲಿ ನಿಂತರೆ ತೊಂದರೆ ಸಾಮಾನ್ಯವಾದುದಲ್ಲ.

ಹಿಂದಿನ ಜೀಪುಗಳಲ್ಲಿ ದೋಷವನ್ನು ಶಬ್ದ, ಹೊಗೆ ಮತ್ತು ವಾಸನೆಗಳಿಂದ ಗುರುತಿಸುತ್ತಿದ್ದರು. ಈಗಿನ ವಾಹನಗಳಲ್ಲಿ ಗಣಕವೊಂದು ಎಂಜಿನ್ನಿನ ಮೇಲ್ವಿಚಾರಣೆ ಮಾಡುತ್ತದೆ. ದೋಷ ಕಂಡಾಗ ಅದು ಚಾಲಕನ ಮುಂದಿನ ಫಲಕದಲ್ಲಿ ಎಂಜಿನ್ ಆಕಾರದ ಹಳದಿ ದೀಪವನ್ನು ಉರಿಸುತ್ತದೆ. ಇದೇ ಚೆಕ್ ಎಂಜಿನ್ ದೀಪ. ಕಾರ್ಯಾಗಾರದಲ್ಲಿ ಆರಿಸಿಕೊಂಡು ಬಂದ ದೀಪ ಕೆಲವೇ ದಿನಗಳಲ್ಲಿ ಪುನಃ ಉರಿಯುವುದು ಅನೇಕರ ಅನುಭವ. ಹೀಗೇಕಾಗುತ್ತದೆ, ಏನು ಮಾಡಬೇಕು ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ದೀಪದ ಉದ್ದೇಶ

ಈ ವ್ಯವಸ್ಥೆಯ ಮೊದಲ ಉದ್ದೇಶ ಹೊಗೆಯ ನಿಯಂತ್ರಣ. ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದಲ್ಲಿ 1988ರ ಮಾದರಿಯ ವಾಹನಗಳಿಂದ ಇದು ಜಾರಿಗೆ ಬಂತು. ಭಾರತದಲ್ಲಿ 2010ರ ಏಪ್ರಿಲ್‌ನಿಂದ ಮೊದಲ ಹಂತ, 2013ರ ಏಪ್ರಿಲ್‌ನಿಂದ ಎರಡನೆಯ ಹಂತ ಕಡ್ಡಾಯವಾಯಿತು. 2020ರ ಏಪ್ರಿಲ್ 1ರಿಂದ ಭಾರತ್ ಸ್ಟೇಜ್ 6 ನಿಯಮ ಜಾರಿಗೆ ಬಂದ ಮೇಲೆ ತಪಾಸಣೆ ಇನ್ನಷ್ಟು ಬಿಗಿಯಾಗಿದೆ.

ಎಂಜಿನ್ನಿಗೆ ಹೋಗುವ ಗಾಳಿ, ಇಂಧನ, ಕಿಡಿ ಮತ್ತು ಹೊರಬರುವ ಹೊಗೆಯನ್ನು ಸೆನ್ಸರ್‌ಗಳು ಅಳೆಯುತ್ತವೆ. ಅಳತೆ ಮಿತಿ ಮೀರಿದರೆ ಗಣಕವು ಒಂದು ಅಕ್ಷರ ಮತ್ತು ನಾಲ್ಕು ಅಂಕಿಗಳ ಸಂಕೇತವನ್ನು ನೆನಪಿನಲ್ಲಿಟ್ಟುಕೊಳ್ಳುತ್ತದೆ. ಉದಾಹರಣೆಗೆ, ಪಿ 0301 ಎಂದರೆ ಒಂದನೆಯ ಸಿಲಿಂಡರಿನಲ್ಲಿ ಇಂಧನ ಸರಿಯಾಗಿ ಉರಿಯುತ್ತಿಲ್ಲ. ಪಿ 0171 ಎಂದರೆ ಮಿಶ್ರಣದಲ್ಲಿ ಗಾಳಿ ಹೆಚ್ಚು, ಪೆಟ್ರೋಲ್ ಕಡಿಮೆ. ಪಿ 0420 ಎಂದರೆ ಹೊಗೆಯನ್ನು ಶುದ್ಧಿಗೊಳಿಸುವ ಕ್ಯಾಟಲಿಟಿಕ್ ಕನ್ವರ್ಟರ್ ತಕ್ಕಷ್ಟು ಕೆಲಸ ಮಾಡುತ್ತಿಲ್ಲ.

ಇಲ್ಲಿ ಒಂದು ಅಂಶವನ್ನು ಮುಖ್ಯವಾಗಿ ಗಮನಿಸಬೇಕು. ಸಂಕೇತವು ತೊಂದರೆ ಇರುವ ವಿಭಾಗವನ್ನು ತೋರಿಸುತ್ತದೆಯೇ ಹೊರತು ಕೆಟ್ಟಿರುವ ಬಿಡಿಭಾಗವನ್ನಲ್ಲ. ಪಿ 0171 ಬಂದೊಡನೆ ಆಕ್ಸಿಜನ್ ಸೆನ್ಸರ್ ಬದಲಿಸುವುದು ಸರಿಯಲ್ಲ. ಗಾಳಿ ಕೊಳವೆಯಲ್ಲಿನ ಸಣ್ಣ ಸೀಳು ಸಹ ಇದೇ ಸಂಕೇತವನ್ನು ತರಬಹುದು.

ಅಳಿಸಿದರೂ ಮರಳಿ ಬರುವುದೇಕೆ?

ಅರೇಬಿಕಾ ಗಿಡದ ಎಲೆ ಹಳದಿಯಾದಾಗ ಎಲೆಗಳನ್ನು ಕಿತ್ತುಹಾಕಿದರೆ ಕಾಂಡದೊಳಗಿನ ಬಿಳಿ ಕಾಂಡಕೊರಕ ಸಾಯುವುದಿಲ್ಲ. ಅದೇ ರೀತಿ, ಯಂತ್ರದಿಂದ ಸಂಕೇತವನ್ನು ಅಳಿಸುವುದು ದುರಸ್ತಿಯಲ್ಲ. ಬ್ಯಾಟರಿಯ ತಂತಿಯನ್ನು ಬಿಚ್ಚಿ ಜೋಡಿಸುವುದೂ ಅಷ್ಟೇ.

ಅನೇಕ ದೋಷಗಳ ವಿಷಯದಲ್ಲಿ ಗಣಕವು ಒಂದೇ ಸಲಕ್ಕೆ ದೀಪ ಉರಿಸುವುದಿಲ್ಲ. ಎರಡು ಮೂರು ಓಟಗಳಲ್ಲಿ ದೋಷ ಮರುಕಳಿಸಿದ ಮೇಲೆಯೇ ಉರಿಸುತ್ತದೆ. ಆದುದರಿಂದ ಅಳಿಸಿದ ನಂತರ ಕೆಲವು ದಿನ ದೀಪ ಆರಿರುವುದನ್ನು ಕಂಡು ವಾಹನ ಸರಿಯಾಯಿತೆಂದು ಭಾವಿಸಬಾರದು. ಅಲ್ಲದೆ, ದೋಷ ಕಂಡ ಸಮಯದಲ್ಲಿ ಎಂಜಿನ್ನಿನ ವೇಗ, ಬಿಸಿ ಮತ್ತು ಭಾರ ಎಷ್ಟಿತ್ತೆಂಬ ದಾಖಲೆಯೂ ಅಳಿಸುವಾಗ ಹೋಗಿಬಿಡುತ್ತದೆ. ದೋಷ ಹುಡುಕಲು ಮೆಕ್ಯಾನಿಕ್‌ಗೆ ಬೇಕಾದ ಸುಳಿವೇ ಅದು. ದೋಷ ನಿಜವಾಗಿ ನಿವಾರಣೆಯಾದರೆ ಸಾಮಾನ್ಯವಾಗಿ ಮೂರು ಓಟಗಳ ಬಳಿಕ ದೀಪ ತಾನಾಗಿಯೇ ಆರುತ್ತದೆ.

ದೀಪ ಕಂಡೊಡನೆ ಮಾಡಬೇಕಾದುದು

ಕೀಲಿ ತಿರುಗಿಸಿದಾಗ ದೀಪ ಹೊತ್ತಿಕೊಂಡು, ಎಂಜಿನ್ ಚಾಲೂ ಆದ ಮೇಲೆ ಆರುವುದು ಸರಿಯಾದ ಕ್ರಮ. ಹೀಗಲ್ಲದೆ,

1. ಹಳದಿ ದೀಪ ಸ್ಥಿರವಾಗಿ ಉರಿಯುತ್ತಿದ್ದು, ಓಟದಲ್ಲಿ ವ್ಯತ್ಯಾಸವಿಲ್ಲದಿದ್ದರೆ ನಿಧಾನವಾಗಿ ಮುಂದುವರಿಯಬಹುದು. ಕೆಲವೇ ದಿನಗಳಲ್ಲಿ ತಪಾಸಣೆ ಮಾಡಿಸಬೇಕು.

2. ದೀಪ ಮಿನುಗುತ್ತಿದ್ದು ಎಂಜಿನ್ ನಡುಗುತ್ತಿದ್ದರೆ ವೇಗ ತಗ್ಗಿಸಿ, ಸುರಕ್ಷಿತ ಸ್ಥಳದಲ್ಲಿ ನಿಲ್ಲಿಸಬೇಕು. ಉರಿಯದ ಪೆಟ್ರೋಲ್ ಕನ್ವರ್ಟರಿನೊಳಗೆ ಹೋಗಿ ಉರಿದು ಅದನ್ನು ಹಾಳುಮಾಡುತ್ತದೆ. ಹೀಗೆ ಕಾದ ವಾಹನವನ್ನು ಒಣ ಹುಲ್ಲು, ತರಗೆಲೆ ಅಥವಾ ಕಾಫಿ ಹೊಟ್ಟಿನ ಮೇಲೆ ನಿಲ್ಲಿಸಿದರೆ ಬೆಂಕಿಯ ಅಪಾಯವಿದೆ.

3. ಎಣ್ಣೆಯ ಒತ್ತಡ ಅಥವಾ ಎಂಜಿನ್ ಬಿಸಿಯ ಕೆಂಪು ದೀಪ ಉರಿದರೆ ತಕ್ಷಣವೇ ನಿಲ್ಲಿಸಬೇಕು.

ಕೊಡಗಿನ ಪರಿಸ್ಥಿತಿಯಲ್ಲಿ ಗಮನಿಸಬೇಕಾದ ಕಾರಣಗಳು

ತೇವ: ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿಯಲ್ಲಿ ತೇವ ಸದಾ ತುಂಬಿರುತ್ತದೆ. ತಂತಿಗಳ ಜೋಡಣೆಗಳಲ್ಲಿ ನೀರು ಸೇರಿ ಹಸಿರು ಅಥವಾ ಬಿಳಿ ಕಿಲುಬು ಕಟ್ಟುತ್ತದೆ. ಮಳೆಯ ಮುಂಜಾನೆ ಮಾತ್ರ ಉರಿದು, ಬಿಸಿಲು ಬಂದಾಗ ಆರುವ ದೀಪಕ್ಕೆ ಇದು ಸಾಮಾನ್ಯ ಕಾರಣ. ಕಿಡಿ ನೀಡುವ ಕಾಯಿಲ್, ಪ್ಲಗ್‌ಗಳ ರಬ್ಬರ್ ಟೊಪ್ಪಿಗೆಗಳನ್ನೂ ಪರೀಕ್ಷಿಸಿ ಒಣಗಿಸಬೇಕು. ತೋಟದ ಪವರ್ ಸ್ಪ್ರೇಯರ್‌ನಿಂದ ಎಂಜಿನ್ ಭಾಗವನ್ನು ತೊಳೆಯಬಾರದು. ಒತ್ತಡದ ನೀರು ಜೋಡಣೆಗಳೊಳಗೆ ನುಗ್ಗುತ್ತದೆ. ಪೀಪಾಯಿಯಲ್ಲಿ ಬೋರ್ಡೋ ದ್ರಾವಣದ ಶೇಷವಿದ್ದರೆ ಲೋಹ ತುಕ್ಕು ಹಿಡಿಯುವುದು ಇನ್ನೂ ಬೇಗ.

ಇಲಿಗಳು: ಭತ್ತ, ಕಾಫಿ ಮೂಟೆಗಳಿರುವ ಕೊಟ್ಟಿಗೆಯಲ್ಲೇ ವಾಹನ ನಿಲ್ಲಿಸಿದರೆ ಬೆಚ್ಚಗಿನ ಎಂಜಿನ್ ಇಲಿಗಳಿಗೆ ಗೂಡಾಗುತ್ತದೆ. ಅವು ತಂತಿಗಳನ್ನು ಕಡಿಯುತ್ತವೆ, ಗಾಳಿ ಸೋಸುಕದ ಪೆಟ್ಟಿಗೆಯಲ್ಲಿ ಕಸ ತುಂಬುತ್ತವೆ. ವಾರಕ್ಕೊಮ್ಮೆ ಬಾನೆಟ್ ತೆರೆದು ಹಿಕ್ಕೆ, ತರಗೆಲೆ, ಕಡಿದ ತಂತಿಗಳಿವೆಯೇ ಎಂದು ನೋಡಬೇಕು. ಧಾನ್ಯವನ್ನು ಬೇರೆಡೆ ಇಡುವುದು ಇದಕ್ಕೆ ಉತ್ತಮ ಪರಿಹಾರ.

ಧೂಳು: ಡಿಸೆಂಬರ್‌ನಿಂದ ಮಾರ್ಚ್‌ವರೆಗಿನ ಕೊಯ್ಲು ಮತ್ತು ಒಣಗಿಸುವ ಕಾಲದಲ್ಲಿ ತೋಟದ ದಾರಿಗಳು ಧೂಳುಮಯ. ಸೋಸುಕವನ್ನು ಶುಚಿಗೊಳಿಸಿದ ಮೇಲೆ ಪೆಟ್ಟಿಗೆಯ ಮುಚ್ಚಳ ಸರಿಯಾಗಿ ಕೂರದಿದ್ದರೆ ಅಳತೆಯಾಗದ ಗಾಳಿ, ಧೂಳು ಒಳಸೇರುತ್ತವೆ.

ಕೂಡಿಟ್ಟ ಇಂಧನ: ಈಗ ಬಂಕುಗಳಲ್ಲಿ ದೊರೆಯುವ ಪೆಟ್ರೋಲಿನಲ್ಲಿ ಶೇಕಡ 20ರವರೆಗೆ ಎಥನಾಲ್ ಬೆರೆತಿರುತ್ತದೆ. ಎಥನಾಲ್ ಗಾಳಿಯ ತೇವವನ್ನು ಹೀರುತ್ತದೆ. ನೀರು ಹೆಚ್ಚಾದಾಗ ಅದರೊಡನೆ ಎಥನಾಲ್ ಬೇರ್ಪಟ್ಟು ತಳಕ್ಕಿಳಿಯುತ್ತದೆ. ಹೂಮಳೆಗೆ ಬದಲಾಗಿ ಮಾಡುವ ನೀರಾವರಿಗೆಂದು ಕ್ಯಾನುಗಳಲ್ಲಿ ತಂದಿಟ್ಟು ಉಳಿದ ಪೆಟ್ರೋಲನ್ನು ತಿಂಗಳುಗಳ ನಂತರ ಕಾರಿಗೆ ಹಾಕಬಾರದು. ಟ್ಯಾಂಕಿನ ಮುಚ್ಚಳವನ್ನೂ ಬಿಗಿಯಾಗಿ ಹಾಕಬೇಕು.

ಸಣ್ಣ ಓಟಗಳು: ಭಾರತ್ ಸ್ಟೇಜ್ 6ರ ಡೀಸೆಲ್ ವಾಹನಗಳಲ್ಲಿ ಡಿಪಿಎಫ್ ಎಂಬ ಮಸಿ ಸೋಸುಕವಿದೆ. ಇದರಲ್ಲಿ ಸೇರಿದ ಮಸಿ ಉರಿದುಹೋಗಲು ಹೊಗೆಯ ಉಷ್ಣತೆ ಸುಮಾರು 600 ಡಿಗ್ರಿ ಸೆಲ್ಸಿಯಸ್‌ಗೆ ಏರಬೇಕು. ಮನೆಯಿಂದ ಕಣಕ್ಕೆ, ಕಣದಿಂದ ಅಂಗಡಿಗೆ ಎಂದು ಕೆಳ ಗೇರಿನಲ್ಲಿ ಓಡುವ ವಾಹನದಲ್ಲಿ ಈ ಬಿಸಿ ಸಿಗುವುದಿಲ್ಲ. ಮಸಿ ದೀಪ ಉರಿದಾಗ ಕೈಪಿಡಿಯಲ್ಲಿ ಹೇಳಿರುವಂತೆ ಕುಶಾಲನಗರದಿಂದಾಚೆಗಿನ ಹುಣಸೂರು, ಮೈಸೂರು ರಸ್ತೆಯಂತಹ ಸಮತಟ್ಟಾದ ದಾರಿಯಲ್ಲಿ 15-20 ನಿಮಿಷ ಒಂದೇ ವೇಗದಲ್ಲಿ ಓಡಿಸಬೇಕು, ನಡುವೆ ನಿಲ್ಲಿಸಬಾರದು. ಈ ಕ್ರಿಯೆ ಪದೇ ಪದೇ ಅರ್ಧಕ್ಕೆ ನಿಂತರೆ ಡೀಸೆಲ್ ಎಂಜಿನ್ ಎಣ್ಣೆಗೆ ಇಳಿಯಬಹುದು. ಅಳತೆ ಕಡ್ಡಿಯಲ್ಲಿ ಎಣ್ಣೆಯ ಮಟ್ಟ ಏರಿರುವುದು ಕಂಡರೆ ಎಣ್ಣೆ ಬದಲಿಸಬೇಕು.

ಯೂರಿಯಾ ದ್ರಾವಣ: ಕೆಲವು ಡೀಸೆಲ್ ವಾಹನಗಳಿಗೆ ಶೇಕಡ 32.5ರ ಶುದ್ಧ ಯೂರಿಯಾ ದ್ರಾವಣ ಬೇಕು. ಇದಕ್ಕೆ ಬದಲಾಗಿ ಗೊಬ್ಬರದ ಯೂರಿಯಾವನ್ನು ನೀರಿನಲ್ಲಿ ಕರಗಿಸಿ ಎಂದಿಗೂ ಹಾಕಬಾರದು. ಬೇವಿನ ಲೇಪನ ಹಾಗೂ ಇತರ ಕಲ್ಮಶಗಳು ಸೂಜಿಮೂತಿಯನ್ನು ಕಟ್ಟಿಸಿ, ದುಬಾರಿ ಭಾಗಗಳನ್ನು ಕೆಡಿಸುತ್ತವೆ. ಸಹಾಯಧನದ ಗೊಬ್ಬರವನ್ನು ಹೀಗೆ ಬಳಸುವುದು ಕಾನೂನಿಗೂ ವಿರುದ್ಧ.

ಬ್ಯಾಟರಿ: ಮಳೆಗಾಲದಲ್ಲಿ ವಾರಗಟ್ಟಲೆ ನಿಂತ ವಾಹನದ ಬ್ಯಾಟರಿ ದುರ್ಬಲವಾಗಿ, ಒಂದಕ್ಕೊಂದು ಸಂಬಂಧವಿಲ್ಲದ ಹಲವು ಸಂಕೇತಗಳು ಒಟ್ಟಿಗೆ ಬರಬಹುದು. ಇಂತಹ ಸಂದರ್ಭದಲ್ಲಿ ಮೊದಲು ಬ್ಯಾಟರಿ ಮತ್ತು ಅದರ ತುದಿಗಳನ್ನು ಪರೀಕ್ಷಿಸಬೇಕು.

ದಾಖಲೆ ಇಡುವ ಕ್ರಮ

ಮಳೆಯ ಅಳತೆ, ಕೂಲಿಯ ಲೆಕ್ಕ ಬರೆದಿಡುವ ಬೆಳೆಗಾರರಿಗೆ ಇದು ಹೊಸತಲ್ಲ. ವಾಹನದಲ್ಲಿ ಒಂದು ಸಣ್ಣ ಪುಸ್ತಕವಿಟ್ಟು ದೀಪ ಉರಿದಾಗಲೆಲ್ಲ ಈ ಅಂಶಗಳನ್ನು ಬರೆಯಬೇಕು:

1. ದಿನಾಂಕ ಮತ್ತು ವಾಹನ ಓಡಿದ ಕಿಲೋಮೀಟರು
2. ಎಂಜಿನ್ ತಣ್ಣಗಿತ್ತೇ, ಬಿಸಿಯಾಗಿತ್ತೇ
3. ಮಳೆಯಿತ್ತೇ, ಏರು ದಾರಿಯೇ, ಭಾರವಿತ್ತೇ
4. ಇಂಧನ ತುಂಬಿಸಿದ ದಿನ ಮತ್ತು ಸ್ಥಳ
5. ಓದಿದ ಸಂಕೇತ ಮತ್ತು ಮಾಡಿದ ದುರಸ್ತಿ

ಒಂದು ಕಾರಿನಲ್ಲಿ ಜುಲೈ ತಿಂಗಳಲ್ಲಿ ಮೂರು ಸಲ ದೀಪ ಉರಿದು, ಮೂರು ಸಲವೂ ಪಿ 0301 ಬಂದಿದೆ ಎಂದು ಭಾವಿಸೋಣ. ಮೂರೂ ದಿನ ಮಳೆಯಿದ್ದು ಎಂಜಿನ್ ತಣ್ಣಗಿತ್ತು ಎಂದು ಪುಸ್ತಕ ತೋರಿಸಿದರೆ ಒಂದನೆಯ ಸಿಲಿಂಡರಿನ ಕಾಯಿಲ್ ಮತ್ತು ಪ್ಲಗ್ಗನ್ನು ಮೊದಲು ನೋಡಬೇಕು. ಕಾಯಿಲನ್ನು ಎರಡನೆಯ ಸಿಲಿಂಡರಿಗೆ ಬದಲಾಯಿಸಿ ಜೋಡಿಸಿದಾಗ ಸಂಕೇತ ಪಿ 0302 ಆದರೆ ದೋಷ ಕಾಯಿಲಿನದೇ ಎಂದು ಖಚಿತವಾಗುತ್ತದೆ. ಈ ಪರೀಕ್ಷೆಗೆ ಹೊಸ ಬಿಡಿಭಾಗದ ಖರ್ಚಿಲ್ಲ.

ಇಂತಹ ದೋಷವನ್ನು ಅಲಕ್ಷಿಸಿ ಓಡಿಸಿದರೆ ಕಾಲಕ್ರಮೇಣ ಪಿ 0420 ಬರುತ್ತದೆ. ಆಗ ಕನ್ವರ್ಟರನ್ನು ಮಾತ್ರ ಬದಲಿಸಿ ಕಿಡಿಯ ದೋಷವನ್ನು ಹಾಗೆಯೇ ಬಿಟ್ಟರೆ ಹೊಸದೂ ಹಾಳಾಗುತ್ತದೆ. ಒಂದು ಪ್ಲಗ್ಗಿನ ಖರ್ಚಿನಲ್ಲಿ ಮುಗಿಯಬೇಕಾದ ಕೆಲಸ ಇದರಿಂದ ಹಲವು ಪಟ್ಟು ದುಬಾರಿಯಾಗುತ್ತದೆ.

ಕಾರ್ಯಾಗಾರದಲ್ಲಿ ಕೇಳಬೇಕಾದುದು

ಅಳಿಸುವ ಮೊದಲು ಸಂಕೇತವನ್ನೂ ದೋಷ ಕಂಡ ಸಮಯದ ಅಳತೆಗಳನ್ನೂ ಬರೆದುಕೊಡುವಂತೆ ಕೇಳಬೇಕು. ಯಾವ ಪರೀಕ್ಷೆಯಿಂದ ಬಿಡಿಭಾಗ ಕೆಟ್ಟಿದೆಯೆಂದು ತಿಳಿಯಿತು ಎಂದು ವಿಚಾರಿಸಬೇಕು. ತೆಗೆದ ಹಳೆಯ ಭಾಗವನ್ನು ಕೇಳಿ ಪಡೆಯುವುದು ಒಳ್ಳೆಯದು.

ಸಂಕೇತ ಓದುವ ಸಣ್ಣ ಉಪಕರಣಗಳು ಈಗ ಮಾರುಕಟ್ಟೆಯಲ್ಲಿ ದೊರೆಯುತ್ತವೆ. ಇವನ್ನು ಚಾಲಕನ ಮುಂದಿನ ಫಲಕದ ಕೆಳಗಿರುವ 16 ಕಡ್ಡಿಗಳ ಜೋಡಣೆಗೆ ಸಿಕ್ಕಿಸಿ, ಮೊಬೈಲ್ ಫೋನಿನಲ್ಲಿ ಸಂಕೇತ ಓದಬಹುದು. ನೆರೆಹೊರೆಯ ನಾಲ್ಕೈದು ಬೆಳೆಗಾರರು ಸೇರಿ ಒಂದನ್ನು ಕೊಳ್ಳಬಹುದು. ಇದನ್ನು ಓದಲು ಮಾತ್ರ ಬಳಸಬೇಕು, ಕಾರಣ ತಿಳಿಯುವ ಮೊದಲು ಅಳಿಸಲು ಬಳಸಬಾರದು.

ದೀಪವನ್ನು ಮರೆಮಾಡಲು ಅಂಟುಪಟ್ಟಿ ಹಚ್ಚುವುದು, ಬಲ್ಬು ಕೀಳುವುದು, ಮಸಿ ಸೋಸುಕವನ್ನೇ ತೆಗೆಸಿಹಾಕುವುದು ತಪ್ಪು. ಮುಂದೆ ಬರುವ ಬೇರೊಂದು ದೋಷದ ಎಚ್ಚರಿಕೆಯೂ ಇದರಿಂದ ತಪ್ಪಿಹೋಗುತ್ತದೆ.

ಮುಂಗಾರಿಗೆ ಮುನ್ನ, ಮೇ ತಿಂಗಳಲ್ಲಿ, ತೋಟದ ಚರಂಡಿಗಳನ್ನು ಸರಿಪಡಿಸುವ ಸಮಯದಲ್ಲೇ ವಾಹನದ ತಂತಿ ಜೋಡಣೆ, ಬ್ಯಾಟರಿ, ಪ್ಲಗ್ ಮತ್ತು ಗಾಳಿ ಸೋಸುಕಗಳನ್ನು ಒಮ್ಮೆ ಪರೀಕ್ಷಿಸಿದರೆ ಮಳೆಗಾಲದ ಅನೇಕ ತೊಂದರೆಗಳನ್ನು ತಪ್ಪಿಸಬಹುದು.